ಒಂದು ಅಗುಳಿನ ಪ್ರಮಾಣ

ನಿರ್ವಹಣಾಶಾಸ್ತ್ರದಲ್ಲಿ ಒಂದೇ ಸಂಸ್ಥೆಯನ್ನು ಆಳವಾಗಿ ಅಭ್ಯಸಿಸಿ ಬರೆದ ಮಹಾಪ್ರಬಂಧವು ಹೆಚ್ಚೆಂದರೆ ಮುಂದಿನ ಸಂಶೋಧನೆಗೆ ಪೀಠಿಕೆಯಾದೀತೇ ಹೊರತು ತಾನೇ ಶಾಸ್ತ್ರವಾಗಲಾರದು ಎಂಬ ಅಭಿಪ್ರಾಯ ಕರ್ನಾಟಕದ ವಾಣಿಜ್ಯ ಮತ್ತು ನಿರ್ವಹಣಾ ವಿಭಾಗಗಳಲ್ಲಿ ಬೇರೂರಿ ದಶಕಗಳೇ ಕಳೆದಿವೆ. ಈ ಅಭಿಪ್ರಾಯದ ಪ್ರಕಾರ ಒಂದು ಕಾರ್ಖಾನೆಯ ಕಥೆ ಕೇವಲ ಕಥೆ. 400 ಜನರಿಗೆ ಪ್ರಶ್ನಾವಳಿ ಹಂಚಿ, ಬಂದ ಉತ್ತರಗಳನ್ನು ಗಣಕಯಂತ್ರಕ್ಕೆ ಉಣಿಸಿ, ಕೋಷ್ಟಕಗಳನ್ನು ಜೋಡಿಸಿ, ಪ್ರಾಕ್ಕಲ್ಪನೆಯನ್ನು ಒಪ್ಪಲಾಯಿತು ಅಥವಾ ತಿರಸ್ಕರಿಸಲಾಯಿತು ಎಂದು ಷರಾ ಬರೆದರೆ ಮಾತ್ರ ಅದು ಸಂಶೋಧನೆ. ಒಂದು ಸಂಸ್ಥೆಯನ್ನೋ ಘಟನೆಯನ್ನೋ ಅದರ ನಿಜ ಪರಿಸರದಲ್ಲಿಯೇ ಇಟ್ಟು, ಕಡತ, ಸಂದರ್ಶನ, ವೀಕ್ಷಣೆ ಮುಂತಾದ ಹಲವು ಮೂಲಗಳಿಂದ ಪರಿಶೀಲಿಸುವ ಪ್ರಕರಣ ಅಧ್ಯಯನಕ್ಕೆ, ಅಂದರೆ ಕೇಸ್ ಸ್ಟಡಿಗೆ, ಮೌಖಿಕ ಪರೀಕ್ಷೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ ಆಗಿರುತ್ತದೆ: ಒಂದರಿಂದ ಎಲ್ಲವನ್ನೂ ಹೇಳುವುದು ಹೇಗೆ? ಪ್ರಶ್ನೆ ಕೇಳಲು ಸರಳವಾಗಿದೆ, ಆದರೆ ಅದರೊಳಗೆ ಅಡಗಿರುವ ತಪ್ಪು ದೊಡ್ಡದು. ಆ ತಪ್ಪಿನಿಂದಾಗಿ ಒಂದು ಇಡೀ ನಾಡಿನ ಉದ್ಯಮಗಳ ಏಳುಬೀಳು ಶಾಸ್ತ್ರದ ಕಣ್ಣಿಗೆ ಬೀಳದೆ ಹೋಗಿದೆ.

ಈ ಮಾತನ್ನು ಪರೀಕ್ಷಿಸಲು ಶಿವಮೊಗ್ಗದಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಗಿಂತ ತಕ್ಕ ಸ್ಥಳ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಮೈಸೂರು ಸಂಸ್ಥಾನವು 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಹಾಕಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಮರದಿಂದ ಸುಟ್ಟ ಇದ್ದಿಲು, ಭದ್ರಾ ನದಿಯ ನೀರು ಇವು ಮೂರೂ ಕೈಯಳತೆಯಲ್ಲಿವೆ ಎಂಬುದೇ ಸ್ಥಳದ ಆಯ್ಕೆಗೆ ಕಾರಣವಾಗಿತ್ತು. ಮಹಾಯುದ್ಧದ ಕಾಲದ ಬೆಲೆಗಳನ್ನು ಕಂಡು ಯೋಜಿಸಿದ ಈ ಕಾರ್ಖಾನೆಯಿಂದ ಬೀಡುಕಬ್ಬಿಣ ಹೊರಬಂದದ್ದು 1923ರಲ್ಲಿ. ಅಷ್ಟರಲ್ಲಿ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಸಂಸ್ಥಾನವು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಕರೆತಂದಿತು. ಅವರು 1929ರವರೆಗೆ ಅಲ್ಲಿ ವೆಚ್ಚ ಇಳಿಸಿ ಕಾರ್ಖಾನೆಯನ್ನು ತನ್ನ ಕಾಲ ಮೇಲೆ ನಿಲ್ಲಿಸಿದರು. ಮುಂದೆ ಉಕ್ಕು ಬಂತು, ಸಿಮೆಂಟು ಬಂತು, 1950ರ ದಶಕದಲ್ಲಿ ಇದ್ದಿಲ ಜೊತೆಗೆ ವಿದ್ಯುತ್ ಕುಲುಮೆ ಬಂತು, ಕಡೆಗೆ ಮಿಶ್ರಲೋಹದ ಮತ್ತು ವಿಶೇಷ ಉಕ್ಕಿನ ಕಾರ್ಖಾನೆಯೆಂಬ ಹೆಸರೂ ಬಂತು. 1962ರಲ್ಲಿ ಅದು ರಾಜ್ಯ ಮತ್ತು ಕೇಂದ್ರ ಸರಕಾರಗಳ ಜಂಟಿ ಕಂಪನಿಯಾಯಿತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. 2016ರಲ್ಲಿ ಕೇಂದ್ರ ಸಂಪುಟ ಸಮಿತಿಯು ಸೇಲಂ ಮತ್ತು ದುರ್ಗಾಪುರದ ಘಟಕಗಳ ಜೊತೆಗೆ ಭದ್ರಾವತಿಯದನ್ನೂ ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ಸಾಕಷ್ಟು ಆಸಕ್ತರಿಲ್ಲವೆಂದು ಮಾರಾಟ ಕೈಬಿಡಲಾಯಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಭಾಗದಲ್ಲಿ ಉತ್ಪಾದನೆ ಮತ್ತೆ ಶುರುವಾಯಿತು.

ಈ ಶತಮಾನದುದ್ದದ ಕಥೆಯನ್ನು ಪ್ರಚಲಿತ ವಿಧಾನವು ಒಂದು ಘಟಕವೆಂದು ಎಣಿಸುತ್ತದೆ, ಒಂದು ಎಂದು ಎಣಿಸಿದ ಕೂಡಲೇ ಬದಿಗಿಡುತ್ತದೆ. ಆದರೆ ಒಂದೇ ಕಾರ್ಖಾನೆಯೊಳಗೆ ಎಷ್ಟು ಹೋಲಿಕೆಗಳಿವೆ ಎಂಬುದನ್ನು ಗಮನಿಸಬೇಕು. ಸರಕಾರಿ ಒಡೆತನವೇ ಭದ್ರಾವತಿಯನ್ನು ಕೆಡಿಸಿತು ಎಂಬ ವಿವರಣೆ ಪತ್ರಿಕೆಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಸಿದ್ಧ ಉತ್ತರವಾಗಿ ಓಡಾಡುತ್ತಿದೆ. ಈ ಕಾರ್ಖಾನೆ ಹುಟ್ಟಿದ ದಿನದಿಂದ ಇಂದಿನವರೆಗೆ ಒಂದು ದಿನವೂ ಖಾಸಗಿ ಒಡೆತನದಲ್ಲಿ ಇರಲಿಲ್ಲ. ಹಾಗಿದ್ದೂ ಅದು ನಷ್ಟದಲ್ಲಿ ಹುಟ್ಟಿ, ಚೇತರಿಸಿ, ಹಿಗ್ಗಿ, ಹೆಸರು ಮಾಡಿ, ಮತ್ತೆ ಕುಗ್ಗಿತು. ಬದಲಾಗದೆ ನಿಂತ ಕಾರಣವು ಬದಲಾಗುತ್ತ ಹೋದ ಫಲವನ್ನು ತಾನೊಂದೇ ವಿವರಿಸಲಾರದು; ಇದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಒಡೆತನ ಒಂದೇ ಆಗಿದ್ದಾಗ ಬದಲಾದದ್ದೇನು ಎಂದು ಹುಡುಕುವ ಸಂಶೋಧಕನಿಗೆ ಅದಿರಿನ ಮೂಲ, ಇಂಧನ, ಕುಲುಮೆಯ ಗಾತ್ರ, ನಿರ್ಧಾರ ಕೈಗೊಳ್ಳುವವರ ಮೇಜು ಬೆಂಗಳೂರಿನಿಂದ ದೆಹಲಿಗೆ ಸರಿದದ್ದು ಇವೆಲ್ಲ ಒಂದೊಂದಾಗಿ ಎದುರಾಗುತ್ತವೆ. ದೇಶದ ನೂರು ಸರಕಾರಿ ಕಂಪನಿಗಳ ಒಂದು ವರ್ಷದ ಲೆಕ್ಕವನ್ನು ಅಡ್ಡಲಾಗಿ ಕೊಯ್ದು ಹೋಲಿಸುವ ಸಮೀಕ್ಷೆಗೆ ಈ ಪ್ರಶ್ನೆಯನ್ನು ಕೇಳುವ ಶಕ್ತಿಯೇ ಇಲ್ಲ, ಏಕೆಂದರೆ ಅದರಲ್ಲಿ ಕಾಲವೆಂಬುದು ಇಲ್ಲ.

ಒಂದರಿಂದ ಎಲ್ಲವನ್ನೂ ಹೇಳುವುದು ಹೇಗೆ ಎಂಬ ಪ್ರಶ್ನೆಗೆ ಅಡುಗೆಮನೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡುವುದಕ್ಕೆ ಶಾಸ್ತ್ರಕಾರರು ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟರು. ಒಂದು ಅಗುಳು ಸಾಕಾಗುವುದು ಅದನ್ನು ಚೀಟಿ ಎತ್ತಿ ಆರಿಸಿದ್ದರಿಂದಲ್ಲ. ಪಾತ್ರೆಯೊಳಗಿನ ಅಕ್ಕಿಯೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ, ಒಂದೇ ಹೊತ್ತು ಬೇಯುತ್ತಿದೆ ಎಂಬುದು ಅಡುಗೆಯವರಿಗೆ ಗೊತ್ತಿರುವುದರಿಂದ. ಬೇಯುವ ಪ್ರಕ್ರಿಯೆ ತಿಳಿಯದವರಿಗೆ ನೂರು ಅಗುಳು ಹಿಚುಕಿದರೂ ನಾಳೆಯ ಅನ್ನದ ಬಗ್ಗೆ ಏನೂ ಗೊತ್ತಾಗದು. ಪ್ರಕರಣ ಅಧ್ಯಯನದ ಸಾಮಾನ್ಯೀಕರಣವೂ ಇದೇ ಬಗೆಯದು. ಅಮೆರಿಕದ ವಿದ್ವಾಂಸ ರಾಬರ್ಟ್ ಯಿನ್ 1984ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲ ಗ್ರಂಥಾಲಯಗಳಲ್ಲಿರುವ ಪುಸ್ತಕದಲ್ಲಿ ಎರಡು ಬಗೆಯ ಸಾಮಾನ್ಯೀಕರಣಗಳನ್ನು ಬೇರ್ಪಡಿಸಿದ್ದಾರೆ: ಆಯ್ದ ಮಾದರಿಯಿಂದ ಸಮಷ್ಟಿಗೆ ಹೋಗುವುದು ಸಂಖ್ಯಾಶಾಸ್ತ್ರೀಯವಾದದ್ದು, ಒಂದು ಪ್ರಕರಣದಿಂದ ಒಂದು ಸಿದ್ಧಾಂತಕ್ಕೆ, ಅಂದರೆ ಕಾರ್ಯಕಾರಣದ ವಿವರಣೆಗೆ, ಹೋಗುವುದು ವಿಶ್ಲೇಷಣಾತ್ಮಕವಾದದ್ದು. ಭದ್ರಾವತಿಯು ಭಾರತದ ಉಕ್ಕಿನ ಕಾರ್ಖಾನೆಗಳ ಮಾದರಿಯಲ್ಲ. ಕಾಡಿನ ಇಂಧನ ಮತ್ತು ಹತ್ತಿರದ ಅದಿರನ್ನು ನಂಬಿ ಕಟ್ಟಿದ ಉದ್ಯಮವು ಅವೆರಡೂ ಕೈತಪ್ಪಿದಾಗ ಏನಾಗುತ್ತದೆ ಎಂಬ ವಿವರಣೆಯನ್ನು ಪರೀಕ್ಷಿಸುವ ಸ್ಥಳ. ಯಿನ್ ಅವರ ಪುಸ್ತಕವನ್ನು ಪ್ರತಿಯೊಂದು ಪ್ರಬಂಧವೂ ಉಲ್ಲೇಖಿಸುತ್ತದೆ, ಅದೇ ಪ್ರಬಂಧವು ಮಿತಿಗಳೆಂಬ ಕೊನೆಯ ಪುಟದಲ್ಲಿ ಒಂದೇ ಪ್ರಕರಣವಾದ್ದರಿಂದ ಸಾಮಾನ್ಯೀಕರಿಸಲಾಗದು ಎಂದು ಕ್ಷಮೆ ಕೇಳುತ್ತದೆ. ಈ ಎರಡು ಪುಟಗಳು ಒಟ್ಟಿಗೆ ನಿಲ್ಲಲಾರವು.

ಪ್ರಶ್ನಾವಳಿಯನ್ನೇ ಭದ್ರಾವತಿಗೆ ಒಯ್ದರೆ ಏನಾಗುತ್ತದೆ ಎಂದು ಯೋಚಿಸುವುದು ಉಪಯುಕ್ತ. ಉತ್ತರಿಸುವವರು ಯಾರು ಎಂಬುದೇ ಮೊದಲ ತೊಡಕು. ಕಾರ್ಖಾನೆಯ ಗೇಟಿನೊಳಗೆ ಇಂದು ಇರುವವರು ಉಳಿದುಕೊಂಡವರು; ಸ್ವಯಂ ನಿವೃತ್ತಿ ಪಡೆದವರು, ಗುತ್ತಿಗೆ ಮುಗಿದು ಬೆಂಗಳೂರಿಗೋ ಹೊಸಪೇಟೆಯ ಕಡೆಗೋ ಹೋದವರು, ತೀರಿಕೊಂಡವರು ಪಟ್ಟಿಯಲ್ಲಿರುವುದಿಲ್ಲ. ಮುಳುಗುತ್ತಿರುವ ಸಂಸ್ಥೆಯ ಬಗ್ಗೆ ಮುಳುಗದವರನ್ನಷ್ಟೇ ಕೇಳಿ ಬರೆದ ಕೋಷ್ಟಕವು ಎಷ್ಟೇ ದಶಮಾಂಶಗಳವರೆಗೆ ನಿಖರವಾಗಿದ್ದರೂ ತಪ್ಪು ಕೋಷ್ಟಕವೇ. ಇನ್ನು ಪ್ರಶ್ನೆಗಳ ಮಾತು. 1932ರಲ್ಲಿ ಅಮೆರಿಕದ ರೆನ್ಸಿಸ್ ಲಿಕರ್ಟ್ ರೂಪಿಸಿದ ಮಾಪಕದಲ್ಲಿ, ಒಂದು ಹೇಳಿಕೆಯನ್ನು ಪೂರ್ಣವಾಗಿ ಒಪ್ಪುವುದರಿಂದ ಪೂರ್ಣವಾಗಿ ಒಪ್ಪದಿರುವವರೆಗೆ ಐದು ಮೆಟ್ಟಿಲುಗಳಿರುತ್ತವೆ. ಸಂಸ್ಥೆಯನ್ನು ಬಿಟ್ಟುಹೋಗಲು ಮನಸ್ಸಿದೆಯೇ ಎಂದು ಈ ಮಾಪಕದಲ್ಲಿ ಕೇಳಿದರೆ, ಉಕ್ಕಿನ ಕಾರ್ಖಾನೆಯ ಬಡಾವಣೆಯಾದ ನ್ಯೂಟೌನ್‌ನ ಕ್ವಾರ್ಟರ್ಸ್‌ನಲ್ಲಿ ಬೆಳೆದ ಕಾರ್ಮಿಕನಿಗೆ ಆ ಪ್ರಶ್ನೆಯೊಳಗೆ ಸಂಬಳ ಮಾತ್ರವಲ್ಲ, ಮನೆಯೂ ನಲ್ಲಿಯ ನೀರೂ ಮಕ್ಕಳ ಶಾಲೆಯೂ ಕಾರ್ಖಾನೆಯ ಆಸ್ಪತ್ರೆಯೂ ಅಪ್ಪ ದುಡಿದ ಕುಲುಮೆಯೂ ಕೇಳಿಸುತ್ತವೆ. ಅವನು ಬಿಡಲು ಮನಸ್ಸಿಲ್ಲ ಎಂದು ಗೆರೆ ಎಳೆದರೆ ಕೋಷ್ಟಕವು ಅದನ್ನು ಸಂಘಟನಾ ಬದ್ಧತೆ ಎಂದು ದಾಖಲಿಸುತ್ತದೆ. ಕೆನಡಾದ ಮೇಯರ್ ಮತ್ತು ಆ್ಯಲೆನ್ 1991ರಲ್ಲಿಯೇ ಪ್ರೀತಿಯಿಂದ ಉಳಿಯುವುದು, ಬೇರೆ ದಾರಿಯಿಲ್ಲದೆ ಉಳಿಯುವುದು, ಕರ್ತವ್ಯವೆಂದು ಉಳಿಯುವುದು ಎಂದು ಬದ್ಧತೆಯನ್ನು ಮೂರಾಗಿ ಒಡೆದರು. ಭದ್ರಾವತಿಯಲ್ಲಿ ಈ ಮೂರೂ ಒಂದೇ ಮನೆಯ ಒಂದೇ ಮಾತಿನೊಳಗೆ ಬೆರೆತಿರುವಾಗ ಅವನ್ನು ಬಿಡಿಸಲು ಮೆಟ್ಟಿಲು ಸಾಲದು, ಕೂತು ಕೇಳುವ ಸಮಯ ಬೇಕು.

ಹಾಗೆ ಕೂತು ಕೇಳಿದ್ದಕ್ಕೆ ದೊಡ್ಡ ಉದಾಹರಣೆ ಉಕ್ಕಿನ ಲೋಕದಿಂದಲೇ ದೊರೆಯುತ್ತದೆ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ಜೊನಾಥನ್ ಪ್ಯಾರಿ 1990ರ ದಶಕದಿಂದ ಛತ್ತೀಸ್‌ಗಢದ ಭಿಲಾಯಿ ಉಕ್ಕಿನ ಕಾರ್ಖಾನೆಯ ಸುತ್ತ ಮತ್ತೆ ಮತ್ತೆ ಕ್ಷೇತ್ರಕಾರ್ಯ ಮಾಡಿ, 2020ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಲ್ಲಿನ ಜನ ಕಾಯಂ ಕೆಲಸಕ್ಕೆ ನೌಕರಿ, ಭದ್ರತೆಯಿಲ್ಲದ ದುಡಿಮೆಗೆ ಕಾಮ್ ಎಂದು ಎರಡು ಬೇರೆ ಪದಗಳನ್ನು ಬಳಸುವುದರ ಹಿಂದೆ ಎರಡು ಬೇರೆ ವರ್ಗಗಳೇ ಇವೆ ಎಂದು ತೋರಿಸಿದರು. ಕಾಯಂ ಕಾರ್ಮಿಕನೂ ಗುತ್ತಿಗೆ ಕಾರ್ಮಿಕನೂ ಒಂದೇ ಕಾರ್ಮಿಕ ವರ್ಗವೆಂಬ ತಿಳುವಳಿಕೆ ಅಲ್ಲಿ ಬಿರುಕುಬಿಟ್ಟಿತು. ಇದು ಒಂದೇ ಊರಿನ ಅಧ್ಯಯನ, ಆದರೆ ಇಂದು ಭಾರತದ ಕಾರ್ಮಿಕರ ಬಗ್ಗೆ ಬರೆಯುವ ಯಾರೂ ಅದನ್ನು ದಾಟಿ ಹೋಗಲಾರರು. ಭದ್ರಾವತಿಯಲ್ಲಿ ಪರ್ಮನೆಂಟ್ ಎಂಬ ಪದಕ್ಕಿರುವ ತೂಕವನ್ನು, ಮದುವೆಯ ಮಾತುಕತೆಯಿಂದ ಬ್ಯಾಂಕಿನ ಸಾಲದವರೆಗೆ ಅದು ಮಾಡುವ ಕೆಲಸವನ್ನು, ಇನ್ನೂ ಯಾವ ಮಾಪಕವೂ ತೂಗಿಲ್ಲ.

ಪ್ರಕರಣ ಅಧ್ಯಯನವು ಸಿದ್ಧಾಂತವನ್ನು ಹೇಗೆ ತಿದ್ದುತ್ತದೆ ಎಂಬುದನ್ನು ನೋಡಲು ಭದ್ರಾವತಿಯ ಇನ್ನೊಂದು ಕಾರ್ಖಾನೆಯನ್ನು ಪಕ್ಕದಲ್ಲಿಡಬೇಕು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 1977ರಲ್ಲಿ ಸರಕಾರಿ ಕಂಪನಿಯಾಯಿತು, 1980ರ ದಶಕದಲ್ಲಿ ಪತ್ರಿಕಾ ಕಾಗದಕ್ಕೂ ಸಕ್ಕರೆಗೂ ಕೈ ಹಾಕಿತು, 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನಷ್ಟೇ ನೋಡಿದವರಿಗೆ ಅದರ ಪತನದ ಕಾರಣ ಸ್ವಂತ ಗಣಿ ಇಲ್ಲದಿರುವುದೆಂದು ತೋರುತ್ತದೆ. ಕಾರ್ಮಿಕ ಸಂಘಗಳೂ ಜನಪ್ರತಿನಿಧಿಗಳೂ ಗಣಿ ಕೊಡಿ ಎಂದು ಕೇಳುತ್ತ ಬಂದದ್ದೂ ಇದಕ್ಕೇ. ಕಾಗದ ಕಾರ್ಖಾನೆಗೆ ಕಚ್ಚಾವಸ್ತುವಿನ ಕೊರತೆ ಈ ಬಗೆಯದಾಗಿರಲಿಲ್ಲ: 1980ರಲ್ಲಿಯೇ 40 ವರ್ಷಗಳ ಗೇಣಿಯ ಮೇಲೆ ಸರಕಾರ ಅದಕ್ಕೆ ನೆಡುತೋಪಿಗಾಗಿ ಕಾಡಿನ ನೆಲ ಕೊಟ್ಟಿತ್ತು, ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ ಬೆಳೆದು ನಿಂತಿತ್ತು. ಹಾಗಿದ್ದೂ ಕಾರ್ಖಾನೆ ನಿಂತಿತು. ಕಚ್ಚಾವಸ್ತುವಿನ ಒಡೆತನವಿದ್ದರೆ ಉದ್ಯಮ ಉಳಿಯುತ್ತದೆ ಎಂಬ ವಿವರಣೆಯು ಒಂದೇ ಊರಿನ ಎರಡನೆಯ ಪ್ರಕರಣದ ಮುಂದೆ ತಲೆ ತಗ್ಗಿಸಬೇಕಾಯಿತು. ಯಂತ್ರಗಳ ವಯಸ್ಸು, ವಿದೇಶೀ ಕಾಗದದ ಬೆಲೆ, ಬಂಡವಾಳ ಹೂಡಲು ಸರಕಾರ ಹಿಂಜರಿದದ್ದು ಇವುಗಳ ಕಡೆಗೆ ಪ್ರಶ್ನೆ ತಿರುಗಬೇಕಾಯಿತು. ಇದೇ ಹೋಲಿಕೆಗೆ ಮೂರನೆಯದಾಗಿ ಶಿವಮೊಗ್ಗದ ಮ್ಯಾಮ್ಕೋಸ್ ಅನ್ನು ಸೇರಿಸಬಹುದು. 1939ರಲ್ಲಿ, ಅಂದರೆ ಕಾಗದ ಕಾರ್ಖಾನೆ ಹುಟ್ಟಿ ಮೂರು ವರ್ಷಕ್ಕೆ, ಅಡಿಕೆ ಬೆಳೆಗಾರರು ಕಟ್ಟಿದ ಈ ಸಹಕಾರಿ ಮಾರಾಟ ಸಂಘ ಇಂದಿಗೂ ವ್ಯವಹಾರ ನಡೆಸುತ್ತಿದೆ; ಅಲ್ಲಿ ಕಚ್ಚಾವಸ್ತುವಿನ ಒಡೆಯನೇ ಸಂಘದ ಸದಸ್ಯ. ಕಚ್ಚಾವಸ್ತು ಇರುವುದು ಬೇರೆ, ಅದನ್ನು ಬೆಳೆಯುವವನೇ ಸಂಸ್ಥೆಯ ಒಡೆಯನಾಗಿರುವುದು ಬೇರೆ ಎಂಬ ಸೂಕ್ಷ್ಮ ಭೇದ ಈ ಮೂರನ್ನೂ ಒಟ್ಟಿಗಿಟ್ಟಾಗ ಮಾತ್ರ ಕಾಣುತ್ತದೆ. ಅದೇ ಕೊನೆಯ ಮಾತೆಂದಲ್ಲ, ಆದರೆ 400 ಪ್ರಶ್ನಾವಳಿಗಳಿಂದ ಈ ಭೇದ ಹುಟ್ಟುತ್ತಿರಲಿಲ್ಲ.

ಎರಡು ಪ್ರಕರಣಗಳ ಹೋಲಿಕೆಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕರ್ನಾಟಕದಲ್ಲಿಯೇ ಹಳೆಯ ದೃಷ್ಟಾಂತವಿದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದ ನಡುವೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ನೆಲೆಸಿ 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲೆಯ ನೀರು ಹರಿದ ಹಳ್ಳಿಯಲ್ಲಿ ಹಳೆಯ ಸಾಮಾಜಿಕ ಕಟ್ಟು ಬಹುಮಟ್ಟಿಗೆ ಉಳಿದುಕೊಂಡಿತೆಂದೂ, ನೀರು ಸಿಗದ ಹಳ್ಳಿಯ ಜನ ಹೊರಗಿನ ದುಡಿಮೆ ಹುಡುಕಿ ಹೋದದ್ದರಿಂದ ಅಲ್ಲಿಯೇ ಬದಲಾವಣೆ ಆಳವಾಯಿತೆಂದೂ ತೋರಿಸಿದರು. ಅಭಿವೃದ್ಧಿ ಬಂದಲ್ಲಿ ಸಮಾಜ ಬದಲಾಗುತ್ತದೆ ಎಂಬ ಆ ಕಾಲದ ನಂಬಿಕೆಗೆ ಈ ಎರಡು ಹಳ್ಳಿಗಳು ಕೊಟ್ಟ ಪೆಟ್ಟನ್ನು ಜಿಲ್ಲಾಮಟ್ಟದ ಅಂಕಿಅಂಶ ಕೊಡಲಾಗುತ್ತಿರಲಿಲ್ಲ.

ಸಂಖ್ಯೆಯ ಮೋಹ ಗುಣಾತ್ಮಕ ಸಂಶೋಧಕರನ್ನೂ ಬಿಟ್ಟಿಲ್ಲ ಎಂಬುದು ಹೆಚ್ಚು ನೋವಿನ ಸಂಗತಿ. ಕ್ಯಾಥ್ಲೀನ್ ಐಸೆನ್‌ಹಾರ್ಟ್ 1989ರ ಲೇಖನದಲ್ಲಿ ನಾಲ್ಕರಿಂದ ಹತ್ತು ಪ್ರಕರಣಗಳಿದ್ದರೆ ಸಾಮಾನ್ಯವಾಗಿ ಅನುಕೂಲ ಎಂದು ಸಲಹೆಯಾಗಿ ಬರೆದದ್ದು ಕಾಲಕ್ರಮದಲ್ಲಿ ನಿಯಮವಾಗಿ ಗಟ್ಟಿಯಾಯಿತು. ಅದಕ್ಕೆ 1991ರಲ್ಲಿಯೇ ಡಯರ್ ಮತ್ತು ವಿಲ್ಕಿನ್ಸ್ ಉತ್ತರ ಬರೆದು, ಹೆಚ್ಚು ಪ್ರಕರಣಗಳ ಆಸೆಯಲ್ಲಿ ಆಳವಾದ ಒಂದು ಕಥೆ ಕೊಡುವ ಒಳನೋಟವನ್ನು ಕಳೆದುಕೊಳ್ಳಬಾರದೆಂದು ಎಚ್ಚರಿಸಿದರು. ಆ ಎಚ್ಚರಿಕೆ ಯಾರ ಕಿವಿಗೂ ಬಿದ್ದಂತಿಲ್ಲ. ಹನ್ನೆರಡು ಸಂದರ್ಶನವಾದರೆ ಸಾಕು, ಹೊಸ ವಿಷಯ ಬರುವುದು ನಿಲ್ಲುತ್ತದೆ ಎಂಬ ಮಾತನ್ನು ಪವಿತ್ರಸೂತ್ರದಂತೆ ಉರು ಹೊಡೆಯಲಾಗುತ್ತಿದೆ. ಭದ್ರಾವತಿಯಲ್ಲಿ ಹದಿಮೂರನೆಯವರು ಇದ್ದಿಲ ಕಾಲವನ್ನು ಕಂಡ ಹಿರಿಯರಾಗಿದ್ದರೆ ಹನ್ನೆರಡು ಸಂದರ್ಶನಗಳನ್ನೂ ಮತ್ತೆ ಓದಬೇಕಾಗುತ್ತದೆ.

ಸಂಶೋಧನೆಯ ತತ್ತ್ವಶಾಸ್ತ್ರದ ಗತಿ ಇದಕ್ಕಿಂತ ಕೆಟ್ಟದ್ದು. ಲೋಕದಲ್ಲಿ ಏನಿದೆ ಎಂಬ ಪ್ರಶ್ನೆ ಸತ್ತಾಮೀಮಾಂಸೆ, ಅದನ್ನು ತಿಳಿಯುವುದು ಹೇಗೆ ಎಂಬುದು ಜ್ಞಾನಮೀಮಾಂಸೆ. ಸಮಾಜವನ್ನೂ ನಿಸರ್ಗದಂತೆ ಹೊರನಿಂತು ಅಳೆಯಬಹುದೆನ್ನುವುದು ಪ್ರತ್ಯಕ್ಷವಾದ, ಅಂದರೆ ಪಾಸಿಟಿವಿಸಂ. ಜನ ತಮ್ಮ ಕ್ರಿಯೆಗೆ ಕೊಡುವ ಅರ್ಥವನ್ನು ಒಳಹೊಕ್ಕು ಗ್ರಹಿಸಬೇಕೆನ್ನುವುದು ವ್ಯಾಖ್ಯಾನವಾದ. ಕಣ್ಣಿಗೆ ಕಾಣದ ರಚನೆಗಳು ನಿಜವಾಗಿಯೂ ಇವೆ, ಆದರೆ ಅವುಗಳ ಬಗೆಗಿನ ತಿಳಿವಳಿಕೆ ಮಾತ್ರ ತಪ್ಪಾಗಬಲ್ಲದು ಎನ್ನುವುದು ರಾಯ್ ಭಾಸ್ಕರ್ ಅವರ ಚಿಂತನೆಯಿಂದ ಬೆಳೆದ ವಿಮರ್ಶಾತ್ಮಕ ವಾಸ್ತವವಾದ. ಸಾಂಡರ್ಸ್ ಮತ್ತಿತರರ ಪಠ್ಯಪುಸ್ತಕದಲ್ಲಿ ಈರುಳ್ಳಿಯ ಪದರಗಳಂತೆ ಬಿಡಿಸಿ ತೋರಿಸಿದ ಚಿತ್ರದಿಂದ ಇವುಗಳಲ್ಲೊಂದನ್ನು ಆರಿಸಿ, ಮೂರನೆಯ ಅಧ್ಯಾಯದಲ್ಲಿ ನಾಲ್ಕು ಪುಟ ಬರೆದು, ಮುಂದಿನ ಅಧ್ಯಾಯಗಳಲ್ಲಿ ಅದನ್ನು ಪೂರ್ತಿ ಮರೆತುಬಿಡುವ ಪದ್ಧತಿ ಬೆಳೆದಿದೆ. ವ್ಯಾಖ್ಯಾನವಾದಿ ಎಂದು ಮೂರನೆಯ ಅಧ್ಯಾಯದಲ್ಲಿ ಘೋಷಿಸಿಕೊಂಡ ಪ್ರಬಂಧವು ಐದನೆಯದರಲ್ಲಿ ಎಷ್ಟು ಶೇಕಡಾ ಜನ ಹೀಗೆಂದರು ಎಂದು ಎಣಿಸತೊಡಗಿದರೆ ತತ್ತ್ವಶಾಸ್ತ್ರ ಅಲಂಕಾರವಾಗಿ ಉಳಿಯುತ್ತದೆ.

ತತ್ತ್ವಶಾಸ್ತ್ರದ ನಿಜವಾದ ಕೆಲಸ ಏನೆಂಬುದು ಯಾವುದು ಪ್ರಮಾಣ ಎಂಬ ಪ್ರಶ್ನೆ ಎದುರಾದಾಗ ತಿಳಿಯುತ್ತದೆ. ಈ ಪ್ರಶ್ನೆ ಇಲ್ಲಿನ ವಿದ್ವತ್ತಿಗೆ ಹೊಸದಲ್ಲ. ಮೀಮಾಂಸಕರು ಪ್ರತ್ಯಕ್ಷ ಮತ್ತು ಅನುಮಾನಗಳ ಜೊತೆಗೆ ಅರ್ಥಾಪತ್ತಿಯನ್ನೂ ಒಂದು ಪ್ರಮಾಣವೆಂದು ಒಪ್ಪಿದರು. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ಮೈತುಂಬಿಕೊಂಡಿದ್ದಾನೆ; ಈ ಎರಡು ಸಂಗತಿಗಳು ಒಟ್ಟಿಗೆ ನಿಲ್ಲಬೇಕಾದರೆ ಅವನು ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಲೇಬೇಕು. ಭದ್ರಾವತಿಯ ಕಾರ್ಖಾನೆಯನ್ನು ಮಾರಲು ಇಟ್ಟಾಗ ತಕ್ಕ ಕೊಳ್ಳುವವರು ಬರಲಿಲ್ಲ, ಮುಚ್ಚಲು ನಿರ್ಧಾರವಾಯಿತು, ಆದರೂ ಏಳು ತಿಂಗಳಲ್ಲಿ ಒಂದು ಭಾಗ ಮತ್ತೆ ಓಡಿತು. ಲಾಭನಷ್ಟದ ಲೆಕ್ಕವೊಂದೇ ನಿರ್ಧಾರ ಮಾಡುತ್ತದೆ ಎಂದರೆ ಕೊನೆಯ ಸಂಗತಿ ನಿಲ್ಲುವುದಿಲ್ಲ. ರಾಜಕೀಯವೊಂದೇ ನಿರ್ಧಾರ ಮಾಡುತ್ತದೆ ಎಂದರೆ ಮುಚ್ಚುವ ನಿರ್ಧಾರ ನಿಲ್ಲುವುದಿಲ್ಲ. ಎಲ್ಲ ಸಂಗತಿಗಳನ್ನೂ ಒಟ್ಟಿಗೆ ನಿಲ್ಲಿಸಬಲ್ಲ ವಿವರಣೆಯನ್ನು ಹುಡುಕುವುದು, ಅದಕ್ಕೆ ಎದುರಾದ ವಿವರಣೆಗಳನ್ನು ಒಂದೊಂದಾಗಿ ಕಡತ ಮತ್ತು ಸಾಕ್ಷಿಗಳ ಮುಂದೆ ನಿಲ್ಲಿಸುವುದು, ಇದೇ ಪ್ರಕರಣ ಅಧ್ಯಯನದ ತರ್ಕ.

ಪ್ರತಿಪಕ್ಷದ ಮಾತುಗಳಲ್ಲಿ ಸತ್ಯಾಂಶವಿಲ್ಲವೆಂದು ಹೇಳುವುದು ಅಪ್ರಾಮಾಣಿಕವಾದೀತು. ಸೋತ ಕಾರ್ಖಾನೆಗಳನ್ನಷ್ಟೇ ಆರಿಸಿ ಸೋಲಿನ ಕಾರಣ ಬರೆದರೆ, ಅದೇ ಕಾರಣವಿದ್ದೂ ಗೆದ್ದವು ಕಣ್ಣಿಗೆ ಬೀಳುವುದಿಲ್ಲ. ಸಂಶೋಧಕ ತನಗೆ ಬೇಕಾದ್ದನ್ನೇ ಕೇಳಿಸಿಕೊಳ್ಳಬಹುದು. ಮಾತು ಬಲ್ಲ ಅಧಿಕಾರಿಯ ಕಥೆ ಮಾತು ಬಾರದ ಕಾರ್ಮಿಕನ ಕಥೆಯನ್ನು ನುಂಗಬಹುದು. ಆಡಳಿತವರ್ಗವನ್ನು ಮೆಚ್ಚಿಸಲು ಬರೆದ, ಪಾಠಕ್ಕೆಂದು ತಿದ್ದಿ ಸಿದ್ಧಪಡಿಸಿದ ಕೇಸುಗಳು ತರಗತಿಯಲ್ಲಿ ಚರ್ಚೆ ಹುಟ್ಟಿಸಲು ಒಳ್ಳೆಯವೇ ಇರಬಹುದು, ಆದರೆ ಅವು ಯಾವುದನ್ನೂ ಸಾಧಿಸುವುದಿಲ್ಲ; ಸಂಶೋಧನೆಯ ಪ್ರಕರಣ ಅಧ್ಯಯನಕ್ಕೆ ಬಂದ ಕೆಟ್ಟ ಹೆಸರಿನಲ್ಲಿ ಅರ್ಧ ಪಾಲು ಈ ಎರಡನ್ನೂ ಒಂದೆಂದು ಭಾವಿಸಿದ್ದರಿಂದ ಬಂದದ್ದು. ಆದರೆ ಈ ದೋಷಗಳಿಗೆ ಮದ್ದು ಇನ್ನಷ್ಟು ಎಚ್ಚರದ ಪ್ರಕರಣ ಅಧ್ಯಯನವೇ. ಡೆನ್ಮಾರ್ಕಿನ ಬೆಂಟ್ ಫ್ಲುವ್‌ಬ್ಯೋರ್ 2006ರ ಪ್ರಸಿದ್ಧ ಲೇಖನದಲ್ಲಿ ವಾದಿಸಿದಂತೆ, ಸಂಶೋಧಕನ ಪೂರ್ವಗ್ರಹವನ್ನು ಖಚಿತಪಡಿಸುವ ಬಲ ಪ್ರಕರಣ ಅಧ್ಯಯನಕ್ಕೆ ಇರುವುದಕ್ಕಿಂತ ಅದನ್ನು ಮುರಿಯುವ ಬಲವೇ ಹೆಚ್ಚು, ಏಕೆಂದರೆ ಹತ್ತಿರ ನಿಂತ ವಾಸ್ತವವು ಎದುರು ಮಾತಾಡುತ್ತದೆ. ಪ್ರಶ್ನಾವಳಿ ಹಾಗೆ ಎದುರು ಮಾತಾಡುವುದಿಲ್ಲ. ಕೇಳದ ಪ್ರಶ್ನೆಗೆ ಅದರಲ್ಲಿ ಉತ್ತರ ಬರುವುದೇ ಇಲ್ಲ.

ಪ್ರಕರಣದ ಎಲ್ಲೆ ಎಲ್ಲಿದೆ ಎಂಬ ಪ್ರಶ್ನೆಯನ್ನೂ ಭದ್ರಾವತಿಯೇ ಕಲಿಸುತ್ತದೆ. ಕಾಗದ ಕಾರ್ಖಾನೆ ನಿಂತು ಐದು ವರ್ಷಗಳಾದ ಮೇಲೆ, 2020ರಲ್ಲಿ, ಅದರ ನೆಡುತೋಪಿನ ಗೇಣಿಯನ್ನು ಸರಕಾರ ಇನ್ನೂ 40 ವರ್ಷಗಳಿಗೆ ವಿಸ್ತರಿಸಿತು, ಮಲೆನಾಡಿನಲ್ಲಿ ಅಕೇಶಿಯಾ ವಿರುದ್ಧ ಜನ ಎದ್ದರು. ಯಂತ್ರ ನಿಂತರೂ ಕಾರ್ಖಾನೆಯ ತೋಪು ಗುಡ್ಡದ ಮೇಲೆ ಬೆಳೆಯುತ್ತಲೇ ಇತ್ತು. ಈ ಕಾರ್ಖಾನೆಯ ಪ್ರಕರಣ 2015ಕ್ಕೆ ಮುಗಿಯಿತೆಂದು ಬರೆದ ಪ್ರಬಂಧ ಅರ್ಧ ಸತ್ಯವನ್ನೇ ಬರೆದಂತೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಲೇಬೇಕು: ಈ ಪ್ರಕರಣದ ಪುರಾವೆಗಳಲ್ಲಿ ಬಹುಪಾಲು ಕನ್ನಡದಲ್ಲಿದೆ. ಕಾರ್ಮಿಕ ಸಂಘಗಳ ಕರಪತ್ರಗಳು, ಮನವಿಗಳು, ವಿಧಾನಸಭೆಯ ಚರ್ಚೆಗಳು, ಸ್ಥಳೀಯ ಪತ್ರಿಕೆಗಳ ವರದಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಜನರ ನೆನಪು. ಇವನ್ನು ಓದದೆ ಆಡಳಿತ ಮಂಡಳಿಯ ಇಂಗ್ಲಿಷ್ ವಾರ್ಷಿಕ ವರದಿಗಳನ್ನಷ್ಟೇ ಓದಿ ಬರೆದದ್ದು ಕಂಪನಿಯ ಕಥೆಯಾಗುತ್ತದೆ, ಕಾರ್ಖಾನೆಯ ಕಥೆಯಾಗುವುದಿಲ್ಲ.

ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ ಈ ಎರಡು ಕಾರ್ಖಾನೆಗಳಿಗೆ ನೆರೆಯಲ್ಲಿಯೇ ಇದೆ. ರಾಜ್ಯದ ಇತರ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ಭದ್ರಾವತಿಯ ರೈಲು ದೂರದ್ದಲ್ಲ. ಮಾರ್ಗದರ್ಶಕರು ತಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಒಬ್ಬರಿಗಾದರೂ ಪ್ರಶ್ನಾವಳಿಯನ್ನು ಬದಿಗಿಟ್ಟು ಎರಡು ವರ್ಷ ನ್ಯೂಟೌನ್‌ನಲ್ಲಿಯೋ ಕಾಗದ ಕಾರ್ಖಾನೆಯ ಪೇಪರ್ ಟೌನ್‌ನಲ್ಲಿಯೋ ಕಳೆಯಲು ಅನುಮತಿ ಕೊಡಲಿ, ಮೌಖಿಕ ಪರೀಕ್ಷೆಗೆ ಬರುವ ಪರೀಕ್ಷಕರು ಎಷ್ಟು ಮಂದಿಯನ್ನು ಕೇಳಿದಿರಿ ಎಂಬುದಕ್ಕೆ ಮೊದಲು ಏನನ್ನು ತಿಳಿದಿರಿ ಎಂದು ಕೇಳಲಿ. ಇದ್ದಿಲ ಕುಲುಮೆಯ ಮುಂದೆ ನಿಂತು ದುಡಿದವರಲ್ಲಿ ಇಂದು ಬದುಕಿರುವವರು ಬಹಳ ಕಡಿಮೆ, ಇರುವವರಿಗೂ ವಯಸ್ಸಾಗಿದೆ.